ಅರಿಶಿಣ ಹಾಕಿದರೆ ಕೀಮೋ ಜಾಸ್ತಿ ಕೆಲಸ ಮಾಡುತ್ತಾ? ಲಿವರ್ ಕ್ಯಾನ್ಸರ್ ಸೆಲ್‌ಗಳ ಮೇಲೆ ಪರೀಕ್ಷೆ ಮಾಡುವುದು ಹೇಗೆ

ಹೋದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ರಾಯಬಾಗ ಕಡೆಯ ಒಬ್ಬ ಹುಡುಗಿ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡಲು ಬೆಳಗಾವಿಯ ನಮ್ಮ ಲ್ಯಾಬಿಗೆ ಬಂದಳು. ಮೊದಲ ದಿನವೇ ಬ್ಯಾಗಿನಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ನನ್ನ ಮುಂದಿಟ್ಟಳು. "ಅಕ್ಕಾರ, ನಮ್ಮ ಹೊಲದ ಅರಿಶಿಣ ಪುಡಿ ರೀ. ಇದನ್ನ ಕೀಮೋ ಔಷಧದ ಜೊತಿ ಹಾಕಿದ್ರ ಲಿವರ್ ಕ್ಯಾನ್ಸರ್ ಸೆಲ್ ಲಗೂ ಸಾಯ್ತಾವೇನ್ರಿ?" ಅಂತ ಕೇಳಿದಳು. ಪ್ರಶ್ನೆ ಬಹಳ ಚೆನ್ನಾಗಿತ್ತು. ಉತ್ತರ ಹುಡುಕಲು ಆರು ತಿಂಗಳು ಹಿಡಿಯಿತು. ಅವಳ ಜೊತೆ ಕೂತು ಮಾಡಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜುಗಳಲ್ಲಿ ಇಂಥದೇ ಪ್ರಾಜೆಕ್ಟ್ ಹಿಡಿದು ಕೂತವರು ಬಹಳ ಜನ ಇದ್ದಾರೆ, ಅವರಿಗೆ ನಾವು ಬಿದ್ದ ಗುಂಡಿಗಳಾದರೂ ತಪ್ಪಲಿ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳಿ. ಸೆಲ್‌ಗಳನ್ನು ಕೊಲ್ಲುವುದು ಬೇರೆ, ಕೀಮೋ ಔಷಧಕ್ಕೆ ಅವು ಬಗ್ಗುವ ಹಾಗೆ ಮಾಡುವುದು ಬೇರೆ. ಯಾವ ರಸವನ್ನಾದರೂ ಸಾಕಷ್ಟು ಸುರಿದರೆ ಸೆಲ್ ಸಾಯುತ್ತದೆ, ಉಪ್ಪು ಸುರಿದರೂ ಸಾಯುತ್ತದೆ. ನಮಗೆ ಬೇಕಾದ್ದು ಅದಲ್ಲ. ನಿಮ್ಮ ವಸ್ತು ಒಂದೇ ಇದ್ದಾಗ ಸೆಲ್‌ಗಳಿಗೆ ಹೆಚ್ಚೇನೂ ಆಗಬಾರದು, ಆದರೆ ಅದೇ ಪ್ರಮಾಣವನ್ನು ಡಾಕ್ಸೊರುಬಿಸಿನ್ ಅನ್ನುವ ಕೀಮೋ ಔಷಧದ ಜೊತೆ ಹಾಕಿದಾಗ ಮೊದಲಿಗಿಂತ ಕಡಿಮೆ ಡಾಕ್ಸೊರುಬಿಸಿನ್ ಸಾಕಾಗಬೇಕು. ಇಷ್ಟೇ ವಿಷಯ. ಇದನ್ನು ಮರೆತು ಮಾಡಿದ ಪ್ರಾಜೆಕ್ಟ್‌ಗಳೇ ಜಾಸ್ತಿ.

ಲಿವರ್ ಕ್ಯಾನ್ಸರ್ ಇಷ್ಟು ಹಠಮಾರಿ ಯಾಕೆ ಅಂದರೆ, ವಿಷ ತೆಗೆಯುವುದೇ ಲಿವರ್‌ನ ಕೆಲಸ. ಆ ವಿದ್ಯೆಯನ್ನು ಕ್ಯಾನ್ಸರ್ ಆದ ಮೇಲೂ ಅದರ ಸೆಲ್‌ಗಳು ಪೂರ್ತಿ ಮರೆಯುವುದಿಲ್ಲ. ಒಳಗೆ ಬಂದ ಔಷಧವನ್ನು ಪಂಪ್ ಮಾಡಿ ಹೊರಗೆ ಹಾಕುತ್ತವೆ, ಗ್ಲುಟಾಥಯೋನ್ ಅನ್ನುವ ಸಣ್ಣ ಅಣು ಕಟ್ಟಿ ನಿಷ್ಕ್ರಿಯ ಮಾಡುತ್ತವೆ, ಮುರಿದ ಡಿಎನ್‌ಎ ರಿಪೇರಿ ಮಾಡಿಕೊಳ್ಳುತ್ತವೆ, ಸಾಯಬೇಕು ಅನ್ನುವ ಸಂದೇಶ ಬಂದರೂ ಬಿಸಿಎಲ್-2 ಥರದ ಪ್ರೋಟೀನ್ ಬಳಸಿ ಅದನ್ನು ತಡೆಯುತ್ತವೆ. ಆ ಪಂಪ್‌ನ ಹೆಸರು ಪಿ-ಗ್ಲೈಕೋಪ್ರೋಟೀನ್. 1976ರಲ್ಲಿ ಜೂಲಿಯಾನೊ ಮತ್ತು ಲಿಂಗ್ ಅದನ್ನು ಗುರುತಿಸಿದರು. 1981ರಲ್ಲಿ ಜಪಾನಿನ ತ್ಸುರುವೊ ಮತ್ತು ಸಂಗಡಿಗರು ಬಿ.ಪಿ.ಗೆ ಕೊಡುವ ವೆರಪಾಮಿಲ್ ಮಾತ್ರೆಯ ಔಷಧವೇ ಆ ಪಂಪ್ ಇರುವ ಸೆಲ್‌ಗಳನ್ನು ಮತ್ತೆ ಕೀಮೋಗೆ ಬಗ್ಗಿಸುತ್ತದೆ ಅಂತ ತೋರಿಸಿದರು. ಎಲ್ಲರಿಗೂ ಖುಷಿಯಾಯಿತು. ಆದರೆ ಡಿಶ್‌ನಲ್ಲಿ ಬೇಕಾದಷ್ಟು ವೆರಪಾಮಿಲ್ ಅನ್ನು ಮನುಷ್ಯರಿಗೆ ಕೊಟ್ಟರೆ ಬಿ.ಪಿ. ಕುಸಿಯುತ್ತದೆ, ಹೃದಯಕ್ಕೆ ತೊಂದರೆಯಾಗುತ್ತದೆ. ಆಮೇಲೆ ಬಂದ ಪಂಪ್ ತಡೆಯುವ ಔಷಧಗಳೂ ಆಸ್ಪತ್ರೆಯಲ್ಲಿ ಅಂದುಕೊಂಡಷ್ಟು ಫಲ ಕೊಡಲಿಲ್ಲ. ಈ ಕಥೆ ತಲೆಯಲ್ಲಿಟ್ಟುಕೊಂಡೇ ಪ್ಲೇಟ್ ಮುಟ್ಟಿ.

ಈಗ ಸೆಲ್ ಆರಿಸಿಕೊಳ್ಳುವುದು. ನಮ್ಮ ಕಡೆ ಹೆಚ್ಚಿನವರು ಹೆಪ್‌ಜಿ2 ಅನ್ನುವ ಸೆಲ್ ತರಿಸುತ್ತಾರೆ, ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಲ್ಲಿ ಸಿಗುತ್ತದೆ. ಇದು ಅರ್ಜೆಂಟೀನಾದ 15 ವರ್ಷದ ಹುಡುಗನೊಬ್ಬನ ಲಿವರ್ ಗಡ್ಡೆಯಿಂದ ಬಂದದ್ದು. ದೊಡ್ಡವರಿಗೆ ಬರುವ ಸಾಮಾನ್ಯ ಲಿವರ್ ಕ್ಯಾನ್ಸರ್ ಅಂತಲೇ ಬಹಳ ವರ್ಷ ಎಲ್ಲರೂ ಬರೆದರು, ಆದರೆ ಮೂಲ ಗಡ್ಡೆಯನ್ನು ಮತ್ತೆ ನೋಡಿದಾಗ ಅದು ಮಕ್ಕಳಿಗೆ ಬರುವ ಹೆಪಟೊಬ್ಲಾಸ್ಟೋಮಾ ಅಂತ 2009ರಲ್ಲಿ ಹೊರಬಂತು. ಹಾಗಾಗಿ ಹೆಪ್‌ಜಿ2 ಒಂದರ ಮೇಲೆ ನಿಲ್ಲಬೇಡಿ. ಜೊತೆಗೆ ಹ್ಯೂ7 ಅಥವಾ ಹೆಪ್3ಬಿ ಅನ್ನುವ ಲಿವರ್ ಕ್ಯಾನ್ಸರ್ ಸೆಲ್ ಇಟ್ಟುಕೊಳ್ಳಿ. ಮೂರರಲ್ಲೂ ಪಿ53 ಜೀನ್ ಬೇರೆ ಬೇರೆ ಥರ ಇದೆ: ಹೆಪ್‌ಜಿ2ನಲ್ಲಿ ಸರಿಯಾಗಿದೆ, ಹ್ಯೂ7ನಲ್ಲಿ ಕೆಟ್ಟಿದೆ, ಹೆಪ್3ಬಿಯಲ್ಲಿ ಇಲ್ಲವೇ ಇಲ್ಲ. ಡಾಕ್ಸೊರುಬಿಸಿನ್ ಡಿಎನ್‌ಎ ಮುರಿಯುವ ಔಷಧ, ಆ ಪೆಟ್ಟಿಗೆ ಸ್ಪಂದಿಸುವುದು ಪಿ53, ಆದ್ದರಿಂದ ಈ ವ್ಯತ್ಯಾಸ ನಿಮಗೆ ಪುಕ್ಕಟೆ ಸಿಕ್ಕ ಪ್ರಯೋಗ.

ಇನ್ನೊಂದು ದೊಡ್ಡ ಗುಂಡಿ ಇದೆ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕ್ಯಾನ್ಸರ್ ಸೆಲ್ ಸಾಯಬೇಕು, ಒಳ್ಳೆಯ ಲಿವರ್ ಸೆಲ್ ಉಳಿಯಬೇಕು ಅಲ್ವಾ? ಅದಕ್ಕೆ ಎಷ್ಟೋ ಜನ 'ಚಾಂಗ್ ಲಿವರ್' ಅನ್ನುವ ಸೆಲ್ ತಂದು ಅದನ್ನೇ ನಾರ್ಮಲ್ ಲಿವರ್ ಅಂತ ತೋರಿಸುತ್ತಾರೆ. ಅದು ಲಿವರ್ ಅಲ್ಲವೇ ಅಲ್ಲ, ಹೀಲಾ ಅನ್ನುವ ಬೇರೆಯೇ ಕ್ಯಾನ್ಸರ್ ಸೆಲ್. 1951ರಲ್ಲಿ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಅವರ ಗರ್ಭಕೊರಳಿನ ಗಡ್ಡೆಯಿಂದ ತೆಗೆದ ಈ ಸೆಲ್‌ಗಳು ಎಷ್ಟು ಜೋರಾಗಿ ಬೆಳೆಯುತ್ತವೆ ಅಂದರೆ ಲೋಕದ ಎಷ್ಟೋ ಫ್ಲಾಸ್ಕ್‌ಗಳಲ್ಲಿ ಸೇರಿಕೊಂಡು ಅಲ್ಲಿದ್ದ ಸೆಲ್‌ಗಳನ್ನೇ ಮುಗಿಸಿಬಿಟ್ಟವು. ಎಲ್02 ಅಂತ ಸಿಗುವುದೂ ಹೀಗೇ ಕಲಬೆರಕೆ. ನಾನೇ ನನ್ನ ಮೊದಲ ವರ್ಷ ಚಾಂಗ್ ಲಿವರ್ ಮೇಲೆ ನಾಲ್ಕು ತಿಂಗಳು ಕೆಲಸ ಮಾಡಿ, ಕೊನೆಗೆ ಒಂದು ಪತ್ರಿಕೆಯ ವಿಮರ್ಶಕರು ಒಂದೇ ಸಾಲಿನಲ್ಲಿ ಇದನ್ನು ಬರೆದಾಗ ಅವತ್ತು ರಾತ್ರಿ ಊಟ ಸೇರಲಿಲ್ಲ. ನಾರ್ಮಲ್ ಲಿವರ್‌ನಿಂದ ಬಂದ ಟಿಎಚ್‌ಎಲ್‌ಇ-2 ಅಥವಾ ಲಿವರ್‌ನಿಂದ ನೇರ ತೆಗೆದ ಪ್ರೈಮರಿ ಹೆಪಟೊಸೈಟ್ ಸಿಕ್ಕರೆ ಅದನ್ನು ಬಳಸಿ. ಸಿಗದಿದ್ದರೆ ನಾರ್ಮಲ್ ಸೆಲ್ ಮೇಲೆ ನೋಡಿಲ್ಲ ಅಂತ ನೇರವಾಗಿ ಬರೆಯಿರಿ. ಯಾವ ಸೆಲ್ ತಂದರೂ ಅದು ಅದೇ ಸೆಲ್ಲಾ ಅಂತ ಡಿಎನ್‌ಎಯಿಂದ ಗುರುತಿಸುವ ಎಸ್‌ಟಿಆರ್ ಪ್ರೊಫೈಲ್ ಮಾಡಿಸಿ, ಮೈಕೋಪ್ಲಾಸ್ಮಾ ಅನ್ನುವ ಅತಿ ಸಣ್ಣ ಬ್ಯಾಕ್ಟೀರಿಯಾ ಸೇರಿದೆಯಾ ಅಂತ ಪಿಸಿಆರ್ ಮಾಡಿಸಿ. ಮೈಕೋಪ್ಲಾಸ್ಮಾ ಸೇರಿದ್ದರೆ ಮೈಕ್ರೋಸ್ಕೋಪಿನಲ್ಲಿ ಕಾಣುವುದಿಲ್ಲ, ಮೀಡಿಯಂ ಕಲಕುವುದೂ ಇಲ್ಲ, ಆದರೆ ನಿಮ್ಮ ಅಂಕಿಗಳೆಲ್ಲ ಸುಳ್ಳಾಗುತ್ತವೆ.

ಸೆಲ್ ಸಾಕುವ ಬಗ್ಗೆ ಪುಸ್ತಕದಲ್ಲಿ ಎಲ್ಲ ಇದೆ: 37 ಡಿಗ್ರಿ, ಶೇ. 5 ಕಾರ್ಬನ್ ಡೈಆಕ್ಸೈಡ್, ಶೇ. 10 ಸೀರಮ್. ಪುಸ್ತಕದಲ್ಲಿ ಇಲ್ಲದ್ದು ನಮ್ಮ ಊರಿನ ಹವೆ. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ, ಫಂಗಸ್ ಕಾಟ ತಪ್ಪಿದ್ದಲ್ಲ. ಇನ್‌ಕ್ಯುಬೇಟರ್‌ನ ನೀರಿನ ತಟ್ಟೆ ವಾರಕ್ಕೊಮ್ಮೆ ಬದಲಿಸಿ, ಛತ್ರಿ ಮತ್ತು ಒದ್ದೆ ಚಪ್ಪಲಿ ಕಲ್ಚರ್ ರೂಮಿನ ಹತ್ತಿರವೂ ತರಬೇಡಿ. ವಿಜಯಪುರದವರಿಗೆ ಇದಕ್ಕೆ ಉಲ್ಟಾ ಕಷ್ಟ. ಏಪ್ರಿಲ್, ಮೇ ಬಿಸಿಲಿನಲ್ಲಿ ಎ.ಸಿ. ನಿಂತರೆ ರೂಮೇ 37 ಡಿಗ್ರಿ ದಾಟುತ್ತದೆ, ಇನ್‌ಕ್ಯುಬೇಟರ್‌ಗೆ ಬಿಸಿ ಮಾಡಲು ಬರುತ್ತದೆ, ತಣ್ಣಗೆ ಮಾಡಲು ಬರುವುದಿಲ್ಲ. ಕರೆಂಟ್ ಹೋದ ದಿನದ ಪ್ಲೇಟನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಎಷ್ಟೇ ಚೆನ್ನಾಗಿ ಬಂದಿದ್ದರೂ.

ಹೆಪ್‌ಜಿ2ನ ಒಂದು ಚಾಳಿ ಗೊತ್ತಿರಲಿ. ಅವು ಒಂಟಿಯಾಗಿ ಇರುವುದಿಲ್ಲ, ದ್ರಾಕ್ಷಿ ಗೊಂಚಲಿನ ಹಾಗೆ ಗುಂಪು ಕಟ್ಟುತ್ತವೆ. ಸೆಲ್‌ಗಳನ್ನು ತಳದಿಂದ ಬಿಡಿಸುವ ಟ್ರಿಪ್ಸಿನ್ ಹಾಕಿ ಮೂರು ನಿಮಿಷಕ್ಕೆ ನೋಡಿದರೆ ತಳ ಬಿಟ್ಟಿರುತ್ತವೆ, ಆದರೆ ಒಂದಕ್ಕೊಂದು ಅಂಟಿಕೊಂಡೇ ತೇಲುತ್ತಿರುತ್ತವೆ. ಆಗಲೇ ಎಣಿಸಿ ಪ್ಲೇಟಿಗೆ ಹಾಕಿದರೆ ಒಂದು ವೆಲ್‌ಗೆ, ಅಂದರೆ ಪ್ಲೇಟಿನ ಒಂದು ಸಣ್ಣ ಗುಣಿಗೆ, ಐದು ಸಾವಿರ, ಪಕ್ಕದ ವೆಲ್‌ಗೆ ಹದಿನೈದು ಸಾವಿರ ಬೀಳುತ್ತವೆ. ನಮ್ಮ ಹುಡುಗಿಯ ಮೊದಲ ಮೂರು ಪ್ಲೇಟ್ ಹಾಳಾದದ್ದು ಇದರಿಂದಲೇ. ಟ್ರಿಪ್ಸಿನ್‌ಗೆ ಮುಂಚೆ ಪಿಬಿಎಸ್ ಅನ್ನುವ ಉಪ್ಪಿನ ದ್ರಾವಣದಲ್ಲಿ ಎರಡು ಸಲ ಚೆನ್ನಾಗಿ ತೊಳೆಯಿರಿ, ಸೀರಮ್ ಉಳಿದರೆ ಟ್ರಿಪ್ಸಿನ್ ಕೆಲಸ ಮಾಡುವುದಿಲ್ಲ. ಬಿಟ್ಟ ಮೇಲೆ ಸಣ್ಣ ಪಿಪೆಟ್‌ನ ತುದಿಯನ್ನು ಟ್ಯೂಬಿನ ತಳಕ್ಕೆ ಹತ್ತಿರ ಹಿಡಿದು ನಿಧಾನ ಇಪ್ಪತ್ತು ಸಲ ಮೇಲೆ ಕೆಳಗೆ ಆಡಿಸಿ, ನೊರೆ ಬರದ ಹಾಗೆ. ಒಂದು ಹನಿಯನ್ನು ಸೆಲ್ ಎಣಿಸುವ ಗಾಜಾದ ಹೀಮೊಸೈಟೋಮೀಟರ್‌ನಲ್ಲಿ ನೋಡಿ. ಒಂಟಿ ಸೆಲ್‌ಗಳು ಜಾಸ್ತಿ ಕಂಡಾಗ ಮಾತ್ರ ಎಣಿಸಿ. 96 ವೆಲ್ ಪ್ಲೇಟಿನಲ್ಲಿ ಒಂದಕ್ಕೆ ಎಂಟರಿಂದ ಹತ್ತು ಸಾವಿರ ಸಾಕು. ಅಂಚಿನ ವೆಲ್‌ಗಳಿಗೆ ಸೆಲ್ ಹಾಕದೆ ಬರೀ ಪಿಬಿಎಸ್ ತುಂಬಿ, ಅಲ್ಲಿ ನೀರು ಬೇಗ ಆರುತ್ತದೆ. 24 ಗಂಟೆ ಅಂಟಿಕೊಳ್ಳಲು ಬಿಟ್ಟು ಆಮೇಲೆ ಔಷಧ.

ಔಷಧ ಕರಗಿಸುವಾಗ ಒಂದು ಎಚ್ಚರ. ಎಲ್ಲದಕ್ಕೂ ಡಿಎಂಎಸ್‌ಒ ಅನ್ನುವ ದ್ರಾವಕ ಬಳಸುವ ಅಭ್ಯಾಸ ನಮಗೆ. ಸಿಸ್‌ಪ್ಲಾಟಿನ್ ಅನ್ನುವ ಕೀಮೋ ಔಷಧಕ್ಕೆ ಮಾತ್ರ ಬೇಡ, ಡಿಎಂಎಸ್‌ಒ ಅದರ ಪ್ಲಾಟಿನಮ್‌ಗೆ ಅಂಟಿಕೊಂಡು ಔಷಧವನ್ನೇ ಸಪ್ಪೆ ಮಾಡುತ್ತದೆ. ಆಮೇಲೆ 'ಈ ಸೆಲ್ ಸಿಸ್‌ಪ್ಲಾಟಿನ್‌ಗೆ ಬಗ್ಗುವುದಿಲ್ಲ' ಅಂತ ನಾವು ಬರೆಯುತ್ತೇವೆ. ಅದನ್ನು ಶೇ. 0.9 ಸಲೈನ್‌ನಲ್ಲಿ ಕರಗಿಸಿ. ಉಳಿದ ವಸ್ತುಗಳಿಗೆ ಡಿಎಂಎಸ್‌ಒ ಬಳಸಿದರೂ ವೆಲ್‌ನಲ್ಲಿ ಅದು ಶೇ. 0.1ರ ಹತ್ತಿರ ಇರಲಿ, ಮತ್ತು ಎಲ್ಲ ವೆಲ್‌ಗಳಲ್ಲೂ ಒಂದೇ ಸಮ ಇರಲಿ. ಡಾಕ್ಸೊರುಬಿಸಿನ್ ಮುಟ್ಟುವಾಗ ಎರಡು ಜೊತೆ ಗ್ಲೌಸ್, ಉಳಿದದ್ದು ಸಿಂಕಿಗೆ ಹೋಗಬಾರದು, ಸೈಟೊಟಾಕ್ಸಿಕ್ ಅಂತ ಬರೆದ ಹಳದಿ ಚೀಲಕ್ಕೆ ಹೋಗಬೇಕು.

ಮೊದಲು ಎರಡನ್ನೂ ಬೇರೆ ಬೇರೆ ನೋಡಿ. ಡಾಕ್ಸೊರುಬಿಸಿನ್ ಒಂದನ್ನೇ ಏಳೆಂಟು ಪ್ರಮಾಣದಲ್ಲಿ, ನಿಮ್ಮ ವಸ್ತುವನ್ನು ಏಳೆಂಟು ಪ್ರಮಾಣದಲ್ಲಿ, 48 ಅಥವಾ 72 ಗಂಟೆ. ಅರ್ಧ ಸೆಲ್ ಸಾಯುವ ಪ್ರಮಾಣ, ಅಂದರೆ ಐಸಿ50, ಎರಡಕ್ಕೂ ಬರಲಿ. ಪ್ರಮಾಣ ಆರಿಸುವಾಗ ಮನುಷ್ಯನ ರಕ್ತವನ್ನು ನೆನಪಿಟ್ಟುಕೊಳ್ಳಿ. ಡಾಕ್ಸೊರುಬಿಸಿನ್ ರೋಗಿಯ ರಕ್ತದಲ್ಲಿ ಕೆಲವೇ ಮೈಕ್ರೋಮೋಲಾರ್‌ವರೆಗೆ (ದ್ರವದಲ್ಲಿ ಔಷಧ ಎಷ್ಟಿದೆ ಅನ್ನುವ ಅಳತೆ) ಏರುತ್ತದೆ, ಅದೂ ಸ್ವಲ್ಪ ಹೊತ್ತು. ಅರಿಶಿಣದ ಮುಖ್ಯ ವಸ್ತು ಕರ್ಕ್ಯುಮಿನ್‌ನ ಕಥೆ ಇನ್ನೂ ಕಷ್ಟ. 2001ರಲ್ಲಿ ತೈವಾನ್‌ನವರು ದಿನಕ್ಕೆ 8 ಗ್ರಾಂ ಶುದ್ಧ ಕರ್ಕ್ಯುಮಿನ್ ಕೊಟ್ಟು ನೋಡಿದಾಗಲೂ ರಕ್ತದಲ್ಲಿ ಸರಾಸರಿ 2 ಮೈಕ್ರೋಮೋಲಾರ್ ಮುಟ್ಟಲಿಲ್ಲ. ಡಿಶ್‌ನಲ್ಲಿ ನಾವು 20, 30, 50 ಅಂತ ಹಾಕುತ್ತೇವೆ. ಹಾಕಬಾರದು ಅಂತಲ್ಲ, ಆದರೆ ಏನು ಹಾಕುತ್ತಿದ್ದೀರಿ ಅನ್ನುವ ಅರಿವು ಇರಲಿ.

ಮನೆಯ ಪುಡಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಅರಿಶಿಣದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರ ಆಸುಪಾಸು, ಬೆಳೆಯಿಂದ ಬೆಳೆಗೆ ಬದಲಾಗುತ್ತದೆ. ವಿಜಯಪುರದ ದ್ರಾಕ್ಷಿ ಸಿಪ್ಪೆಯ ರೆಸ್ವೆರಟ್ರಾಲ್ ಅನ್ನುವ ವಸ್ತು ಹಿಡಿದವರಿಗೂ ಇದೇ ಮಾತು. ಹೊಲದ ವಸ್ತುವೇ ಬೇಕು ಅಂದರೆ ಎಚ್‌ಪಿಎಲ್‌ಸಿ ಮಾಡಿಸಿ ಒಳಗೆ ಏನೆಷ್ಟಿದೆ ಅಂತ ಬರೆದಿಡಿ, ಗಿಡದ ಗುರುತು ತಿಳಿದವರಿಂದ ಖಚಿತಪಡಿಸಿಕೊಳ್ಳಿ. ನಮ್ಮ ಬೆಳಗಾವಿಯಲ್ಲೇ ಐಸಿಎಂಆರ್‌ನ ಪಾರಂಪರಿಕ ವೈದ್ಯ ಪದ್ಧತಿಯ ರಾಷ್ಟ್ರೀಯ ಸಂಸ್ಥೆ ಇದೆ, ಔಷಧಿ ಗಿಡಗಳ ಕೆಲಸ ಹೇಗೆ ಮಾಡುತ್ತಾರೆ ಅಂತ ಒಮ್ಮೆ ಹೋಗಿ ಕೇಳಿ. ಜೊತೆಗೆ ಶುದ್ಧ ಕರ್ಕ್ಯುಮಿನ್‌ನದೇ ಒಂದು ಸಾಲು ಪ್ಲೇಟಿನಲ್ಲಿ ಇರಲೇಬೇಕು.

ಇನ್ನು ಎಷ್ಟು ಸೆಲ್ ಬದುಕಿವೆ ಅಂತ ನೋಡುವ ಎಂಟಿಟಿ ಪರೀಕ್ಷೆ. ಹಳದಿ ಬಣ್ಣದ ಎಂಟಿಟಿಯನ್ನು ಬದುಕಿರುವ ಸೆಲ್‌ಗಳು ನೇರಳೆ ಹರಳು ಮಾಡುತ್ತವೆ, ಆ ಹರಳನ್ನು ಡಿಎಂಎಸ್‌ಒನಲ್ಲಿ ಕರಗಿಸಿ 570 ನ್ಯಾನೋಮೀಟರ್‌ನಲ್ಲಿ ಓದುತ್ತೇವೆ. 1983ರಿಂದ ಎಲ್ಲರೂ ಮಾಡುತ್ತಿರುವ ಪರೀಕ್ಷೆ. ನಮ್ಮ ಹುಡುಗಿಯ ನಾಲ್ಕನೇ ಪ್ಲೇಟ್ ನೋಡಿ ನಮಗಿಬ್ಬರಿಗೂ ತಲೆ ಕೆಟ್ಟಿತು. ಅರಿಶಿಣದ ಸಾರ ಜಾಸ್ತಿಯಾದಷ್ಟೂ ನೇರಳೆ ಬಣ್ಣ ಜಾಸ್ತಿ! ಅಂದರೆ ಸೆಲ್ ಸಾಯುವ ಬದಲು ಬೆಳೆಯುತ್ತಿವೆ ಅಂತ ಅರ್ಥವಾಗುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅರ್ಧಕ್ಕರ್ಧ ಸೆಲ್ ದುಂಡಗಾಗಿ ತೇಲುತ್ತಿವೆ. ಮರುದಿನ ಒಂದು ಖಾಲಿ ಪ್ಲೇಟ್ ತೆಗೆದುಕೊಂಡು, ಸೆಲ್ ಹಾಕದೆ, ಬರೀ ಮೀಡಿಯಂ, ಸಾರ, ಎಂಟಿಟಿ ಹಾಕಿ ನಾಲ್ಕು ಗಂಟೆ ಇಟ್ಟೆವು. ತೆಗೆದು ಬೆಳಕಿಗೆ ಹಿಡಿದಾಗ ಎರಡು ಸಾಲು ಪೂರ್ತಿ ನೇರಳೆ. ಒಂದು ಸೆಲ್ ಕೂಡ ಇಲ್ಲ, ಸಾರವೇ ಎಂಟಿಟಿಯನ್ನು ಬದಲಿಸಿಬಿಟ್ಟಿತ್ತು. ಗಿಡದ ಪಾಲಿಫೀನಾಲ್‌ಗಳಲ್ಲಿ ಬಹಳಷ್ಟಕ್ಕೆ ಈ ಗುಣ ಇದೆ. ಹಾಗಾಗಿ ಸೆಲ್ ಇಲ್ಲದ ವೆಲ್‌ಗಳು ಪ್ರತಿ ಪ್ಲೇಟಿನಲ್ಲೂ ಇರಲಿ, ಎಂಟಿಟಿ ಹಾಕುವ ಮುಂಚೆ ಔಷಧದ ಮೀಡಿಯಂ ತೆಗೆದು ಪಿಬಿಎಸ್‌ನಲ್ಲಿ ಮೆಲ್ಲಗೆ ತೊಳೆಯಿರಿ, ಮತ್ತು ಇನ್ನೊಂದು ಬೇರೆ ಪರೀಕ್ಷೆಯನ್ನೂ ಮಾಡಿ. ನಾವು ಸಲ್ಫೊರೋಡಮಿನ್-ಬಿ ಹಾಕಿದೆವು, ಅದು ಪ್ರೋಟೀನಿಗೆ ಅಂಟುವ ಬಣ್ಣ, ಈ ಗೊಂದಲ ಇಲ್ಲ.

ಈಗ ಎರಡನ್ನೂ ಸೇರಿಸುವ ಹಂತ. ನಿಮ್ಮ ವಸ್ತು ಒಂದೇ ಇದ್ದಾಗ ನೂರಕ್ಕೆ ತೊಂಬತ್ತು ಸೆಲ್ ಬದುಕುವ ಪ್ರಮಾಣ ಹುಡುಕಿ ಅದನ್ನು ಎಲ್ಲ ವೆಲ್‌ಗೂ ಹಾಕಿ, ಡಾಕ್ಸೊರುಬಿಸಿನ್ ಮಾತ್ರ ಏರಿಸುತ್ತಾ ಹೋಗಿ. ಯಾವ ಪ್ರಮಾಣಕ್ಕೆ ಎಷ್ಟು ಸೆಲ್ ಬದುಕಿದವು ಅನ್ನುವ ಡಾಕ್ಸೊರುಬಿಸಿನ್ ಗೆರೆ ಎಡಕ್ಕೆ ಸರಿದರೆ, ಅಂದರೆ ಕಡಿಮೆ ಔಷಧ ಸಾಕಾದರೆ, ಏನೋ ಇದೆ ಅಂತ. ಎಡಕ್ಕೆ ಸರಿದ ಮಾತ್ರಕ್ಕೆ ಸಿನರ್ಜಿ, ಅಂದರೆ ಒಂದಕ್ಕೊಂದು ಬಲ ಕೊಡುತ್ತಿವೆ, ಅಂತ ಬರೆಯಬೇಡಿ, ಅದಕ್ಕೆ ಚೌ ಮತ್ತು ತಲಾಲೆ 1984ರಲ್ಲಿ ಕೊಟ್ಟ ಲೆಕ್ಕ ಇದೆ. ಲೆಕ್ಕ ಅರ್ಥವಾಗಲಿ ಅಂತ ಸುಮ್ನೆ ಕೆಲವು ಅಂಕಿ ಹಾಕುತ್ತೇನೆ. ಅರ್ಧ ಸೆಲ್ ಕೊಲ್ಲಲು ಡಾಕ್ಸೊರುಬಿಸಿನ್ ಒಂದೇ ಆದರೆ 1.2 ಮೈಕ್ರೋಮೋಲಾರ್ ಬೇಕು, ಕರ್ಕ್ಯುಮಿನ್ ಒಂದೇ ಆದರೆ 30 ಬೇಕು ಅಂದುಕೊಳ್ಳಿ. ಸೇರಿಸಿದಾಗ 0.4 ಮತ್ತು 6 ಸಾಕಾಯಿತು. 0.4ನ್ನು 1.2ರಿಂದ ಭಾಗಿಸಿದರೆ 0.33, 6ನ್ನು 30ರಿಂದ ಭಾಗಿಸಿದರೆ 0.2. ಕೂಡಿಸಿದರೆ 0.53. ಈ ಮೊತ್ತ 1ಕ್ಕಿಂತ ಕಡಿಮೆ ಬಂದರೆ ಒಂದಕ್ಕೊಂದು ಬಲ ಕೊಡುತ್ತಿವೆ, 1ರ ಹತ್ತಿರ ಬಂದರೆ ಬರೀ ಕೂಡಿಕೆ, 1 ದಾಟಿದರೆ ಒಂದನ್ನೊಂದು ಎಳೆಯುತ್ತಿವೆ. ಇದಕ್ಕೆ ಕಾಂಪ್ಯುಸಿನ್ ಅನ್ನುವ ಸಾಫ್ಟ್‌ವೇರ್ ಇದೆ, ಆದರೆ ಮೊದಲ ಸಲ ಕೈಯಲ್ಲೇ ಮಾಡಿ. ಮೂರು ವೆಲ್ ಅಂದರೆ ಮೂರು ಪ್ರಯೋಗ ಅಲ್ಲ. ಬೇರೆ ಬೇರೆ ದಿನ, ಬೇರೆ ಬೇರೆ ಪ್ಯಾಸೇಜ್ (ಹೊಸ ಫ್ಲಾಸ್ಕ್‌ಗೆ ಬದಲಿಸಿದ ಸರದಿ) ಸೆಲ್ ಹಿಡಿದು ಮೂರು ಸಲ ಮಾಡಿದರೆ ಮೂರು.

ಕೊಟ್ಟ ಹೊತ್ತನ್ನೂ ಬದಲಿಸಿ ನೋಡಿ. ಮೊದಲು ನಿಮ್ಮ ವಸ್ತು, ಆರು ಗಂಟೆ ಬಿಟ್ಟು ಡಾಕ್ಸೊರುಬಿಸಿನ್. ಆಮೇಲೆ ಎರಡೂ ಒಟ್ಟಿಗೆ. ಆಮೇಲೆ ಉಲ್ಟಾ. ಉತ್ತರ ಬೇರೆ ಬೇರೆ ಬರಬಹುದು, ಅದೇ ಒಂದು ಅಧ್ಯಾಯ ಆಗುತ್ತದೆ.

ಯಾಕೆ ಬಗ್ಗಿದವು ಅಂತ ತಿಳಿಯಲು ಸುಲಭದ ದಾರಿ ಪಂಪ್‌ನಿಂದ ಶುರು ಮಾಡುವುದು. ರೋಡಮಿನ್ 123 ಅನ್ನುವ ಹೊಳೆಯುವ ಬಣ್ಣ ಸೆಲ್‌ಗೆ ಕುಡಿಸಿ, ತೊಳೆದು, ಒಂದೆರಡು ಗಂಟೆ ಬಿಟ್ಟು ಎಷ್ಟು ಉಳಿದಿದೆ ನೋಡಿ. ಪಂಪ್ ನಿಂತಿದ್ದರೆ ಬಣ್ಣ ಒಳಗೇ ಉಳಿಯುತ್ತದೆ. ಹೋಲಿಸಲು ಒಂದು ಟ್ಯೂಬಿನಲ್ಲಿ ವೆರಪಾಮಿಲ್ ಇರಲಿ. ಸೆಲ್ ಸಾವನ್ನು ತೋರಿಸಲು ಅನೆಕ್ಸಿನ್ ಮತ್ತು ಪ್ರೊಪಿಡಿಯಂ ಅಯೊಡೈಡ್ ಅನ್ನುವ ಹೊಳೆಯುವ ಗುರುತುಗಳನ್ನು ಹಾಕುತ್ತಾರೆ, ಅಲ್ಲಿ ಜೋಪಾನ. ಡಾಕ್ಸೊರುಬಿಸಿನ್ ತಾನೇ ಕೆಂಪಗೆ ಹೊಳೆಯುತ್ತದೆ, ಪ್ರೊಪಿಡಿಯಂ ಕಾಣುವ ಜಾಗದಲ್ಲೇ. ಬದುಕಿರುವ ಸೆಲ್ಲೂ ಸತ್ತಂತೆ ಕಾಣುತ್ತದೆ. ಡಾಕ್ಸೊರುಬಿಸಿನ್ ಮಾತ್ರ ಹಾಕಿ ಬೇರೆ ಬಣ್ಣ ಹಾಕದ ಒಂದು ಟ್ಯೂಬ್ ಇಟ್ಟುಕೊಳ್ಳಿ, ಇಲ್ಲವೇ ಪ್ರೋಟೀನ್ ಗುರುತಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ, ಸೆಲ್ ಸಾಯುವಾಗ ತುಂಡಾಗುವ ಪಿಎಆರ್‌ಪಿ ಪ್ರೋಟೀನ್ 116ರಿಂದ 89 ಕಿಲೋಡಾಲ್ಟನ್‌ಗೆ ತುಂಡಾಗಿದೆಯಾ ನೋಡಿ. ಇದೇ ಹೊಳಪನ್ನು ಲಾಭಕ್ಕೂ ಬಳಸಬಹುದು, ಸೆಲ್ ಒಳಗೆ ಎಷ್ಟು ಡಾಕ್ಸೊರುಬಿಸಿನ್ ಉಳಿದಿದೆ ಅಂತ ನೇರವಾಗಿ ಅಳೆಯಬಹುದು. ಆದರೆ ಕರ್ಕ್ಯುಮಿನ್ ಕೂಡ ಹಸಿರಾಗಿ ಹೊಳೆಯುತ್ತದೆ, ರೋಡಮಿನ್ ಜೊತೆ ಅದು ಕಲಸಿಹೋಗದಂತೆ ಅದರದೇ ಒಂದು ಟ್ಯೂಬ್ ಬೇಕು.

ಅದು ಮುಗಿದ ಮೇಲೆ ಕಾಲೊನಿ ಪರೀಕ್ಷೆ ಬಿಡಬೇಡಿ. ಔಷಧ ತೆಗೆದ ಮೇಲೆ ಹತ್ತು ಹದಿನಾಲ್ಕು ದಿನ ಬಿಟ್ಟು ಎಷ್ಟು ಸೆಲ್ ಮತ್ತೆ ಸಂಸಾರ ಕಟ್ಟುತ್ತವೆ ಅಂತ ಕ್ರಿಸ್ಟಲ್ ವಯಲೆಟ್ ಹಾಕಿ ಎಣಿಸುವುದು. 48 ಗಂಟೆಗೆ ಸತ್ತಂತೆ ಕಂಡದ್ದು ಎರಡು ವಾರಕ್ಕೆ ಎದ್ದು ಕೂತಿರುತ್ತದೆ. ಆಗುವುದಾದರೆ ಅಗರೋಸ್ ಜೆಲ್ ಹಚ್ಚಿದ ಪ್ಲೇಟಿನಲ್ಲಿ ಸೆಲ್‌ಗಳ ಉಂಡೆ ಕಟ್ಟಿಸಿ ಅದರ ಮೇಲೂ ನೋಡಿ. ಗುಂಪು ಕಟ್ಟುವ ಹೆಪ್‌ಜಿ2ನ ಅದೇ ಚಾಳಿ ಇಲ್ಲಿ ವರ.

ಇದರ ನಡುವೆ ಒಂದು ಸಂಜೆ ನಮ್ಮ ಓಣಿಯ ಒಬ್ಬ ಕಾಕಾರ ಮಗ ಮನೆಗೆ ಬಂದ. ಕಾಕಾರಿಗೆ ಲಿವರ್ ಕ್ಯಾನ್ಸರ್. "ಅಕ್ಕಾರ, ನೀವು ಅರಿಶಿಣದ ಮ್ಯಾಲ ರಿಸರ್ಚ್ ಮಾಡ್ತೀರಂತ, ಅಪ್ಪಾಗ ಕ್ಯಾಪ್ಸೂಲ್ ಚಾಲೂ ಮಾಡ್ಲೇನ್ರಿ?" ಅಂದ. ಕೈಯಲ್ಲಿ ಬಾಟಲಿ ಹಿಡಿದುಕೊಂಡೇ ಬಂದಿದ್ದ. ನಾನು ಬೇಡ ಅಂದೆ, ಮೊದಲು ಅವರ ಡಾಕ್ಟರಿಗೆ ಆ ಬಾಟಲಿ ತೋರಿಸು ಅಂದೆ. ಅಡುಗೆಗೆ ಹಾಕುವ ಚಿಟಿಕೆಯ ಮಾತಲ್ಲ ಇದು. ಆ ಕ್ಯಾಪ್ಸೂಲ್‌ಗಳಲ್ಲಿ ಕರಿಮೆಣಸಿನ ಪೈಪರಿನ್ ಸೇರಿಸಿರುತ್ತಾರೆ, ಅದು ಬೇರೆ ಔಷಧಗಳನ್ನು ದೇಹ ಕರಗಿಸುವ ರೀತಿಯನ್ನೇ ಬದಲಿಸಬಹುದು. ಅಂಥ ಕ್ಯಾಪ್ಸೂಲ್ ತಿಂದವರಲ್ಲಿ ಲಿವರ್‌ಗೇ ಪೆಟ್ಟು ಬಿದ್ದ ಉದಾಹರಣೆಗಳು ವೈದ್ಯ ಪತ್ರಿಕೆಗಳಲ್ಲಿ ಬಂದಿವೆ. ಇನ್ನೊಂದು, 2002ರಲ್ಲಿ ಸ್ತನ ಕ್ಯಾನ್ಸರ್ ಸೆಲ್‌ಗಳ ಮೇಲೆ ಮಾಡಿದ ಕೆಲಸದಲ್ಲಿ ಕರ್ಕ್ಯುಮಿನ್ ಡಾಕ್ಸೊರುಬಿಸಿನ್‌ಗೆ ಸಹಾಯ ಮಾಡುವ ಬದಲು ಅಡ್ಡ ಬಂದಿತ್ತು. ಆಸ್ಪತ್ರೆಯಲ್ಲೂ ಸೇರಿಸಿದ್ದೆಲ್ಲ ಗೆಲ್ಲುವುದಿಲ್ಲ. 2007ರಲ್ಲಿ ಲಿವರ್ ಕ್ಯಾನ್ಸರ್‌ಗೆ ಅನುಮತಿ ಸಿಕ್ಕ ಸೊರಾಫೆನಿಬ್‌ಗೆ ಡಾಕ್ಸೊರುಬಿಸಿನ್ ಸೇರಿಸಿ ಅಮೆರಿಕದಲ್ಲಿ ದೊಡ್ಡ ಪರೀಕ್ಷೆ ಮಾಡಿದರು, ಆಯಸ್ಸು ಹೆಚ್ಚಲಿಲ್ಲ, ತೊಂದರೆ ಹೆಚ್ಚಿತು. ಈಗ ಡಾಕ್ಸೊರುಬಿಸಿನ್ ಹೆಚ್ಚಾಗಿ ಕೊಡುವುದು ಗಡ್ಡೆಗೆ ರಕ್ತ ತರುವ ನಾಳದೊಳಗೇ ಔಷಧ ಬಿಟ್ಟು ನಾಳ ಮುಚ್ಚುವ ಟೇಸ್ ಚಿಕಿತ್ಸೆಯಲ್ಲಿ. ಆ ಹುಡುಗ ಬಾಟಲಿಯನ್ನು ಜೇಬಿಗೆ ಹಾಕಿಕೊಂಡು ಹೋದ. ಮರುವಾರ ಫೋನ್ ಮಾಡಿ, ಡಾಕ್ಟರೂ ಬೇಡ ಅಂದರು ಅಂತ ಹೇಳಿದ.

ನಮ್ಮ ಹುಡುಗಿಯ ಕೆಲಸ ಡಿಸೆಂಬರ್‌ಗೆ ಮುಗಿಯಿತು. ಮೂರು ಬೇರೆ ದಿನ, ಸಲ್ಫೊರೋಡಮಿನ್-ಬಿ ಹಾಕಿ ಮಾಡಿದ ಲೆಕ್ಕದಲ್ಲಿ ಹೆಪ್‌ಜಿ2ನಲ್ಲಿ ಅವಳ ಹೊಲದ ಅರಿಶಿಣದ ಸಾರದ ಮೊತ್ತ 1ರ ಆಸುಪಾಸಿನಲ್ಲೇ ನಿಂತಿತು, ಬರೀ ಕೂಡಿಕೆ. ಹ್ಯೂ7ನಲ್ಲಿ ಸ್ವಲ್ಪ ಕೆಳಗೆ ಬಂತು. ಅವಳು ಎರಡನ್ನೂ ಇದ್ದ ಹಾಗೇ ರಿಪೋರ್ಟಿನಲ್ಲಿ ಬರೆದಳು, ಸೆಲ್ ಇಲ್ಲದ ಆ ನೇರಳೆ ಪ್ಲೇಟಿನ ಫೋಟೋವನ್ನೂ ಹಚ್ಚಿದಳು. ಹ್ಯೂ7 ಯಾಕೆ ಬೇರೆ ಥರ ನಡೆದುಕೊಂಡಿತು ಅಂತ ನೋಡಲು ರೋಡಮಿನ್ 123 ತರಿಸಿದ್ದೇವೆ, ಈ ಸಲ ಬಾಗಲಕೋಟೆಯಿಂದ ಬಂದ ಇನ್ನೊಬ್ಬ ಹುಡುಗ ಅದನ್ನು ಹಿಡಿದುಕೊಂಡಿದ್ದಾನೆ. ಅವನಿಗೂ ಮೊದಲ ವಾರ ಕೊಟ್ಟ ಕೆಲಸ ಒಂದೇ: ಹೆಪ್‌ಜಿ2 ಗುಂಪು ಬಿಡಿಸುವುದು, ಎಣಿಸುವುದು, ಮತ್ತೆ ಬಿಡಿಸುವುದು.